ಗಾಜಿನ ಹಂಸ, ನನ್ನ ಅವಸರ

ದಸರಾ ಸಮಯ. ಮಡಿಕೇರಿಯ ಗಾಂಧಿ ಮೈದಾನದ ಹತ್ತಿರ ಗಾಜು ಊದುವವನೊಬ್ಬ ಸಣ್ಣ ಮೇಜು ಹಾಕಿಕೊಂಡು ಕೂತಿದ್ದ. ಊರು ಫಿರೋಜಾಬಾದ್. ಗಾಜಿನ ಬಳೆಗೆ ಹೆಸರಾದ ಊರು. ಚಳಿ, ಜೊತೆಗೆ ಜಡಿಮಳೆ. ಅವನ ಸುತ್ತ ಜನ ಮುತ್ತಿದ್ದು ಕಲೆಗೋ ಬೆಂಕಿಯ ಬಿಸಿಗೋ ಹೇಳೋದು ಕಷ್ಟ. ನಾನಂತೂ ಬಿಸಿಗೇ ಹೋದೆ.

ಹೋದವನು ಒಂದು ಗಂಟೆ ನಿಂತೆ.

ಎಲ್ಲರ ಮೊಬೈಲೂ ಬೆಂಕಿಯ ಮೇಲೆ. ನೋಡಬೇಕಾದ್ದು ಅವನ ಎಡಗೈ. ಗಾಜು ಕಾದು ಮೆತ್ತಗಾದ ಕೂಡಲೇ ಜೇನಿನ ಹಾಗೆ ಜೋಲುತ್ತದೆ. ಜೋಲದ ಹಾಗೆ ಬೆರಳ ತುದಿಯಲ್ಲಿ ಅದನ್ನು ತಿರುಗಿಸುತ್ತಲೇ ಇದ್ದ. ಚಿಲ್ಲರೆ ಕೊಡು ಅಂತ ಹುಡುಗನಿಗೆ ಹೇಳುವಾಗಲೂ ಬೆರಳು ನಿಲ್ಲಲಿಲ್ಲ. ನಮ್ಮಜ್ಜಿ ಸೌದೆ ಒಲೆಯ ಮುಂದೆ ಕೂತು ಡ್ರಮ್ಮು ತಿರುಗಿಸಿ ಕಾಫಿ ಬೀಜ ಹುರಿಯುತ್ತಿದ್ದದ್ದು ನೆನಪಾಯಿತು. ಯಾರಾದ್ರೂ ಕರೆದರೆ ಬಾಯಿ ಓಗೊಡುತ್ತಿತ್ತು, ಕೈ ತನ್ನ ಪಾಡಿಗೆ ತಿರುಗುತ್ತಿತ್ತು.

ಇನ್ನೊಂದು ವಿಷಯ. ಗಾಜು ಬೆಂಕಿಗೆ ಹೋದ ಕೂಡಲೇ ನೀಲಿ ಜ್ವಾಲೆ ಹಳದಿಯಾಗುತ್ತದೆ. ಗಾಜಿನೊಳಗಿನ ಸೋಡಿಯಂ ಅದಕ್ಕೆ ಕಾರಣ. ಒಲೆಗೆ ಉಪ್ಪು ಬಿದ್ದರೆ ಕಾಣುತ್ತದಲ್ಲ, ಅದೇ ಹಳದಿ. ಆ ಬೆಳಕಿಗೆ ನಮಗೆ ಗಾಜೇ ಕಾಣೋದಿಲ್ಲ. ಅವನ ಕನ್ನಡಕ ಡಿಡಿಮಿಯಂ ಗಾಜಿನದು, ಆ ಹಳದಿಯನ್ನು ತಡೆಯುತ್ತದೆ. ಕೇಳಿದ್ದಕ್ಕೆ ಹುಡುಗನ ಕನ್ನಡಕ ಕೊಡಿಸಿದ. ಹಾಕಿಕೊಂಡೆ. ಹಳದಿ ಮಾಯ! ಬೆಂಕಿಯೊಳಗೆ ಹಂಸದ ಕತ್ತು ಮೆಲ್ಲಗೆ ಬಾಗುತ್ತಿತ್ತು.

ಪಕ್ಕದಲ್ಲಿದ್ದ ಗೆಳೆಯ, 'ಇದೇನ್ ಮಹಾ, ಇಟಲಿಯ ಮುರಾನೋದಲ್ಲಿ ನೋಡ್ಬೇಕು' ಅಂದ. (ಅವನೂ ನೋಡಿದ್ದು ಯೂಟ್ಯೂಬಲ್ಲೇ.) ಸರಿ, 1291ರಲ್ಲಿ ವೆನಿಸ್‌ನವರು ಊರಿಗೆ ಬೆಂಕಿ ಬಿದ್ದೀತೆಂದು ಗಾಜಿನ ಕುಲುಮೆಗಳನ್ನು ಆ ದ್ವೀಪಕ್ಕೆ ಸಾಗಹಾಕಿದರು. ಸಾವಿರ ಡಿಗ್ರಿಗೂ ಜಾಸ್ತಿ ಕಾದ ಗಾಜನ್ನು ಉದ್ದನೆಯ ಕಬ್ಬಿಣದ ಕೊಳವೆಯ ತುದಿಗೆ ಸುತ್ತಿಕೊಂಡು ಊದುತ್ತಾರೆ. ದೊಡ್ಡ ಕೆಲಸವೇ. ಆದರೆ ಅಲ್ಲೂ ಕೊಳವೆ ತಿರುಗೋದು ನಿಂತರೆ ಹೂಜಿ ಸೊಟ್ಟ, ಅಲ್ವಾ?

ಹಂಸ ಮುಗಿಯಿತು. 200 ರೂಪಾಯಿ ಕೊಟ್ಟೆ. ಅವನು ಅದನ್ನು ಹತ್ತಿಯಂಥದ್ದೇನೋ ತುಂಬಿದ ಡಬ್ಬಿಯೊಳಗಿಟ್ಟು, 'ಆಧಾ ಘಂಟಾ, ಸಾಬ್' ಅಂದ. ಗಾಜು ನಿಧಾನಕ್ಕೆ ಆರಬೇಕು. ಹೊರಮೈ ಮೊದಲು ಆರಿ ಗಟ್ಟಿಯಾದರೆ, ಆಮೇಲೆ ಆರುವ ಒಳಭಾಗ ಕುಗ್ಗುತ್ತಾ ಒಳಗೊಳಗೇ ಎಳೆಯುತ್ತದೆ. ಇದೆಲ್ಲ ಗೊತ್ತಿದ್ದೂ ಕೊನೇ ಬಸ್ಸಿನ ನೆಪ ಹೇಳಿ ಐದೇ ನಿಮಿಷಕ್ಕೆ ತೆಗೆಸಿಕೊಂಡೆ. ಕಾಫಿ ಗಿಡದಲ್ಲಿ ಹೂ ಅರಳಿಸುವ ಹೂಮಳೆಗೆ ವಾರಗಟ್ಟಲೆ ಆಕಾಶ ನೋಡುತ್ತಾ ಕೂರುವ ಜನ ನಾವು. ನನಗೆ ಅರ್ಧ ಗಂಟೆ ಕಾಯಲಾಗಲಿಲ್ಲ.

ಮನೆಯಲ್ಲಿ ಕಿಟಕಿಯ ಮೇಲಿಟ್ಟೆ. ರಾತ್ರಿ ಟಿಕ್ ಅಂತ ಸಣ್ಣ ಸದ್ದು. ಬೆಳಿಗ್ಗೆ ನೋಡಿದರೆ ಕತ್ತು ಒಂದು ಕಡೆ, ಮೈ ಒಂದು ಕಡೆ.

ಎರಡೂ ತುಂಡು ಕಾಗದದಲ್ಲಿ ಸುತ್ತಿಕೊಂಡು ಮತ್ತೆ ಹೋದೆ. ನೋಡಿ ನಕ್ಕ. ಏನೂ ಅನ್ನಲಿಲ್ಲ. ಇನ್ನೊಂದು ಹಂಸ ಮಾಡಿದ, ಡಬ್ಬಿಯೊಳಗಿಟ್ಟ, ಮುಚ್ಚಳ ಹಾಕಿದ. ಆಮೇಲೆ ಕಾಲಿನಿಂದಲೇ ಒಂದು ಸ್ಟೂಲನ್ನು ನನ್ನ ಕಡೆ ತಳ್ಳಿದ.