ಸಪ್ಪಳ ಬರ್ತೈತಿ, ಡ್ರೈವ್ ಬರವಲ್ದು

ಹೊಸ ಲ್ಯಾಪ್‌ಟಾಪಿಗೆ ಹಳೇ ಹಾರ್ಡ್‌ಡಿಸ್ಕ್ ಹಚ್ಚಿದಾಗ ‘ಟುಡುಂ’ ಅಂತ ಬರುವ ಸಪ್ಪಳದ ಮೇಲೆ ಯಾಕೆ ಯಾರಿಗೂ ಸಿಟ್ಟು ಬರುವುದಿಲ್ಲವೋ ಗೊತ್ತಿಲ್ಲ. ಬಾಗಿಲು ಬಡಿದ ಸಪ್ಪಳ ಕೇಳಿಸಿತು, ಎದ್ದು ಹೋಗಿ ಅಗುಳಿ ತೆಗೆದರೆ ಹೊರಗೆ ಯಾರೂ ಇಲ್ಲ. ಡ್ರೈವಿನ ಲೈಟು ಮಿಣಮಿಣ ಅನ್ನುತ್ತದೆ. ಅಂಗೈ ಇಟ್ಟರೆ ಒಳಗೆ ತಟ್ಟೆ ತಿರುಗುವ ಸಣ್ಣ ನಡುಕವೂ ಹತ್ತುತ್ತದೆ. ‘ದಿಸ್ ಪಿಸಿ’ ತೆರೆದರೆ ಮಾತ್ರ ಅಲ್ಲಿ ಸಿ ಒಂದೇ ಕೂತಿದೆ, ಒಬ್ಬನೇ ಮಗನ ಹಾಗೆ, ಸೊಕ್ಕಿನಿಂದ.

ಬಾಗಲಕೋಟೆಯ ನವನಗರದ ಯಾವ ಮನೆಯಲ್ಲೇ ಆಗಲಿ, ಇಷ್ಟಾದ ಮೇಲೆ ಸುತ್ತ ಮಂದಿ ಕೂಡುತ್ತಾರೆ. ಅಮೀನಗಡದ ಕರದಂಟಿನ ಡಬ್ಬಿಯಲ್ಲಿ ನಾಲ್ಕು ವರ್ಷ ಜೋಪಾನವಾಗಿದ್ದ ಡ್ರೈವು ಅದು. ಅದರಲ್ಲಿ ಮದುವೆ, ಸೀಮಂತ, ಜವಳ, ಎಲ್ಲ ಇದೆ. ಸಲಹೆಗೆ ಬರವಿಲ್ಲ. ‘ತಗದು ಹಚ್ಚು.’ ‘ಊದಿ ಹಚ್ಚು.’ ‘ಆ ಕಡೀ ತೂತಿಗೆ ಹಚ್ಚು.’ ಇವೆಲ್ಲ ನಡೆದೀತು, ಮೊದಲನೆಯದೂ ಮೂರನೆಯದೂ ನಿಜಕ್ಕೂ ಒಳ್ಳೆಯ ಸಲಹೆಗಳೇ. ಆದರೆ ಹಿಂದಿನಿಂದ ಒಬ್ಬ, ಕಂಪ್ಯೂಟರ್ ಡಿಪ್ಲೊಮಾ ಮಾಡಿದವನು, ‘ಫಾರ್ಮ್ಯಾಟ್ ಹೊಡೀರಿ ಕಾಕಾ, ಬರ್ತೈತಿ’ ಅನ್ನುತ್ತಾನೆ. ಅವನಿಗೆ ಆ ಮನೆಯಲ್ಲಿ ಚಹಾ ಕೊಡಬಾರದು.

ಈ ಸಪ್ಪಳ ಬಂದೂ ಡ್ರೈವು ಬಾರದ ಸಂಗತಿಯೊಳಗೆ ಮನುಷ್ಯರ ಬಾಳಿನ ಬಗ್ಗೆ ಏನೋ ಒಂದು ದೊಡ್ಡ ಮಾತು ಅಡಗಿದೆ. ಅದನ್ನು ಹೇಳಲೆಂದೇ ಕೂತದ್ದು. ಮೊದಲು ವಾಯರ್ ನೋಡಿಬಿಡೋಣ.

ಡ್ರೈವಿನ ಕಡೆಯ ತುದಿ ಅಗಲವಾಗಿದ್ದು, ಪಡಸಾಲೆಯ ಪಕ್ಕದಲ್ಲೊಂದು ದೇವರಕೋಣೆ ಕಟ್ಟಿದ ಹಾಗೆ ಎರಡು ಖಾನೆ ಇದ್ದರೆ ಅದು ಮೂರನೇ ತಲೆಮಾರಿನ ಯುಎಸ್‌ಬಿಯ ಮೈಕ್ರೋ-ಬಿ. ಅದರ ಪಡಸಾಲೆಯಲ್ಲಿ ಹಳೇ ಮೊಬೈಲಿನ ವಾಯರೂ ಸರಿಯಾಗಿ ಕೂರುತ್ತದೆ. ವೇಗ ಸೆಕೆಂಡಿಗೆ 480 ಮೆಗಾಬಿಟ್‌ಗೆ ಇಳಿಯುತ್ತದೆ ಅಷ್ಟೇ, ಪರೀಕ್ಷೆಗೆ ಧಾರಾಳ ಸಾಕು. ಮೂಲ ವಾಯರ್ ಕೆಟ್ಟಿದೆಯೋ ಡ್ರೈವ್ ಕೆಟ್ಟಿದೆಯೋ ಎಂಬುದು ಎರಡು ನಿಮಿಷದಲ್ಲಿ, ಒಂದು ರೂಪಾಯಿ ಖರ್ಚಿಲ್ಲದೆ ತಿಳಿಯುತ್ತದೆ. ಆದರೆ ಆ ಮೊಬೈಲ್ ವಾಯರಿನೊಳಗೆ ನಾಲ್ಕು ಎಳೆ ಇರಬೇಕು: ಎರಡು ಕರೆಂಟಿಗೆ, ಎರಡು ಡೇಟಾಕ್ಕೆ. ಬಸ್‌ಸ್ಟ್ಯಾಂಡಿನ ಎದುರು ಗೊಂಚಲು ಗೊಂಚಲಾಗಿ ತೂಗುವ ಅಗ್ಗದ ವಾಯರುಗಳಲ್ಲಿ ಎಷ್ಟೋ ಸಲ ಕರೆಂಟಿನ ಎರಡೇ ಇರುತ್ತವೆ. ಲೈಟು ಹತ್ತುತ್ತದೆ, ತಟ್ಟೆ ತಿರುಗುತ್ತದೆ, ಟುಡುಂ ಮಾತ್ರ ಇಲ್ಲ. ಊಟ ಹಾಕಿದರು, ಮಾತಾಡಿಸಲಿಲ್ಲ.

ಹೊಸ ಲ್ಯಾಪ್‌ಟಾಪಿನಲ್ಲಿ ಟೈಪ್-ಸಿ ತೂತುಗಳಷ್ಟೇ ಇದ್ದರೆ ಒಂದು ಗಿಡ್ಡ ಕನ್ವರ್ಟರ್ ಬೇಕು, ಇಲ್ಲವೇ ಒಂದು ತುದಿ ಟೈಪ್-ಸಿ, ಇನ್ನೊಂದು ತುದಿ ಮೈಕ್ರೋ-ಬಿ ಇರುವ ವಾಯರ್. ಅಂಗಡಿಯಲ್ಲಿ ‘3.0 ಕೊಡ್ರಿ’ ಎಂದು ಕೇಳಿದರೆ ಡಬ್ಬಿಯ ಮೇಲೆ ‘3.2 ಜೆನ್ 1’ ಎಂದು ಬರೆದದ್ದನ್ನು ಕೊಡುತ್ತಾರೆ, ನೀವು ‘ಇದಲ್ರೀ’ ಎಂದು ವಾಪಸ್ ಮಾಡುತ್ತೀರಿ. ಎರಡೂ ಒಂದೇ. ಮೊದಲು 3.0 ಎಂದು ಹೆಸರಿಟ್ಟರು, ಆಮೇಲೆ 3.1 ಜೆನ್ 1 ಅಂದರು, ಅದಾದ ಮೇಲೆ 3.2 ಜೆನ್ 1 ಅಂದರು. ವೇಗ ಅದೇ, ಸೆಕೆಂಡಿಗೆ 5 ಗಿಗಾಬಿಟ್. ಒಂದೇ ಕೂಸನ್ನು ಮೂರು ಸಲ ತೊಟ್ಟಿಲಿಗೆ ಹಾಕಿ ಮೂರು ಹೆಸರು ಕೂಗಿ, ಕರೆಯಲು ಬಂದವರಿಗೆ ಕಿವಿ ಕೇಳಿಸದು ಅನ್ನುವ ಜನ.

ಟುಡುಂ ಬಂದು, ಮರುಕ್ಷಣ ಸ್ವರ ಇಳಿದು ‘ಡುಟುಂ’ ಆಗಿ, ಮತ್ತೆ ಟುಡುಂ, ಮತ್ತೆ ಡುಟುಂ ಎಂದು ಪಗಡೆ ಆಡಿದರೆ ಹಸಿವು ಅಂತ ತಿಳಿಯಬೇಕು. ಎರಡೂವರೆ ಇಂಚಿನ ಡ್ರೈವಿನ ತಟ್ಟೆ ನಿಂತಲ್ಲಿಂದ ತಿರುಗಲು ಶುರುಮಾಡುವಾಗ ಒಂದು ಆಂಪಿಯರ್ ಹತ್ತಿರ ಎಳೆಯುತ್ತದೆ. ಯುಎಸ್‌ಬಿ 2.0 ತೂತಿನ ಅಳತೆ 500 ಮಿಲಿಆಂಪಿಯರ್, 3.0 ತೂತಿನದು 900. ನಡುವೆ ಮೌಸು, ಪೆನ್‌ಡ್ರೈವು, ಕೂಲಿಂಗ್ ಫ್ಯಾನು ಎಲ್ಲ ಹಂಚಿಕೊಂಡ ಹಬ್ ಇದ್ದರೆ ಮುಗಿಯಿತು. ಹಬ್ ತೆಗೆದು ನೇರ ಹಚ್ಚಿ, ಲ್ಯಾಪ್‌ಟಾಪಿಗೆ ಚಾರ್ಜರ್ ಹಾಕಿ ನೋಡಿ. ಮೂರೂವರೆ ಇಂಚಿನ ದೊಡ್ಡ ಡ್ರೈವಾದರೆ ಅದಕ್ಕೆ 12 ವೋಲ್ಟಿನ ಅದರದೇ ಅಡಾಪ್ಟರ್ ಬೇಕು. ಮನೆಯ ರೂಟರಿನ ಅಡಾಪ್ಟರ್ ಪಿನ್ನು ಕೂಡುತ್ತದೆ ಎಂದು ಅದನ್ನೇ ಚುಚ್ಚಬೇಡಿ, ಮೇಲೆ ಬರೆದ ವೋಲ್ಟು, ಆಂಪಿಯರ್ ಓದಿ. ಬೇರೆ ವಾಯರು, ಬೇರೆ ಲ್ಯಾಪ್‌ಟಾಪು ಎಲ್ಲ ಬದಲಿಸಿದರೂ ಒಳಗಿನಿಂದ ‘ಟಿಕ್, ಟಿಕ್’ ಎಂದು ಲೆಕ್ಕ ಹಿಡಿದು ಬಡಿದಂತೆ ಬಂದರೆ ಅದು ಹಸಿವಲ್ಲ, ಓದುವ ತಲೆ ಜಾಗ ಸಿಗದೆ ತಡಕಾಡುತ್ತಿದೆ. ಅಲ್ಲಿಗೆ ಕೈ ಬಿಡಬೇಕು. ಇನ್ನೊಮ್ಮೆ, ಇನ್ನೊಮ್ಮೆ ಎಂದು ಹಚ್ಚಿದಷ್ಟೂ ತಟ್ಟೆಗೆ ಗೀರು.

ಇವಾವೂ ಅಲ್ಲ, ಟುಡುಂ ಒಂದೇ ಸಲ ಗಟ್ಟಿಯಾಗಿ ಬಂತು, ಲೈಟು ಸರಿ, ಸದ್ದು ಸರಿ. ಹಾಗಾದರೆ ಡ್ರೈವು ಒಳಗೆ ಬಂದಾಗಿದೆ, ವಿಳಾಸ ಸಿಕ್ಕಿಲ್ಲ. ವಿಂಡೋಸ್ ಕೀ ಒತ್ತಿಹಿಡಿದು ಎಕ್ಸ್ ಒತ್ತಿದರೆ ಮೂಲೆಯಲ್ಲಿ ಒಂದು ಪಟ್ಟಿ ಬರುತ್ತದೆ, ಅದರಲ್ಲಿ ‘ಡಿಸ್ಕ್ ಮ್ಯಾನೇಜ್‌ಮೆಂಟ್’. ಕೆಳಗಿನ ಅರ್ಧದಲ್ಲಿ ಡಿಸ್ಕ್ 0 ಅಂದರೆ ಸಾಮಾನ್ಯವಾಗಿ ಲ್ಯಾಪ್‌ಟಾಪಿನದು, ಡಿಸ್ಕ್ 1 ಅಂದರೆ ಬಂದ ಅತಿಥಿ. ಅಲ್ಲಿ 931 ಜಿಬಿ ಎಂದು ಕಂಡರೆ 69 ಜಿಬಿ ಯಾರು ತಿಂದರು ಎಂದು ಹುಡುಕಬೇಡಿ. ಡಬ್ಬಿಯ ಮೇಲಿನ ಒಂದು ಟೆರಾಬೈಟ್ ಸಾವಿರದ ಲೆಕ್ಕ, ವಿಂಡೋಸಿನದು 1024ರ ಲೆಕ್ಕ. ಜಾಗದ ಮೇಲೆ ಕಡುನೀಲಿ ಪಟ್ಟಿ ಇದ್ದು, ಒಳಗೆ ‘ಎನ್‌ಟಿಎಫ್‌ಎಸ್’ ಅಥವಾ ‘ಎಕ್ಸ್‌ಫ್ಯಾಟ್’ ಎಂದು ಬರೆದಿದ್ದು, ಸಿ, ಡಿ ಎಂಬಂಥ ಅಕ್ಷರ ಮಾತ್ರ ಇಲ್ಲದಿದ್ದರೆ ಮನೆ ಗಟ್ಟಿಯಾಗಿ ನಿಂತಿದೆ, ಬಾಗಿಲ ಮೇಲೆ ನಂಬರ್ ಬರೆದಿಲ್ಲ ಅಷ್ಟೇ. ನೀಲಿ ಪಟ್ಟಿಯ ಕೆಳಗಿನ ಜಾಗದ ಮೇಲೆ ಬಲಬಟನ್ ಒತ್ತಿ, ‘ಚೇಂಜ್ ಡ್ರೈವ್ ಲೆಟರ್ ಆ್ಯಂಡ್ ಪಾತ್ಸ್’ ಆರಿಸಿ, ‘ಆ್ಯಡ್’ ಕೊಟ್ಟು, ಒಂದು ಅಕ್ಷರ ಹಾಕಿ.

ಯಾವ ಅಕ್ಷರ? ಇಲ್ಲಿ ಸ್ವಲ್ಪ ನಿಲ್ಲಬೇಕಾಗುತ್ತದೆ.

ಸಿಯಿಂದ ಎಣಿಕೆ ಯಾಕೆ ಶುರುವಾಗುತ್ತದೆ ಎಂದು ಮಕ್ಕಳು ಕೇಳುತ್ತಾರೆ, ದೊಡ್ಡವರು ಕೇಳುವುದಿಲ್ಲ. 1981ರಲ್ಲಿ ಬಂದ ಐಬಿಎಂ ಪಿಸಿಯಲ್ಲಿ ಹಾರ್ಡ್‌ಡಿಸ್ಕೇ ಇರಲಿಲ್ಲ, ಫ್ಲಾಪಿಯ ಖಾನೆಗಳು ಎರಡು. ಒಂದಕ್ಕೆ ಎ, ಇನ್ನೊಂದಕ್ಕೆ ಬಿ. 1983ರ ಎಕ್ಸ್‌ಟಿ ಮಾದರಿಯಲ್ಲಿ 10 ಮೆಗಾಬೈಟಿನ ಹಾರ್ಡ್‌ಡಿಸ್ಕ್ ಬಂದಾಗ ಅದಕ್ಕೆ ಸಿಕ್ಕದ್ದು ಮೂರನೇ ಅಕ್ಷರ. ಆಮೇಲೆ ಫ್ಲಾಪಿ ಹೋಯಿತು, ಫ್ಲಾಪಿ ಕಂಡ ಮಂದಿಗೆ ಮೊಮ್ಮಕ್ಕಳಾದರು. ವಿಂಡೋಸ್ ಇಂದಿಗೂ ತಾನಾಗಿ ಯಾರಿಗೂ ಎ, ಬಿ ಕೊಡುವುದಿಲ್ಲ. ನೀವು ಕೇಳಿದರೆ ಕೊಡುತ್ತದೆ, ತಾನಾಗಿ ಕೊಡದು. ಎರಡು ಮನೆ ಬೀಗ ಹಾಕಿ ಖಾಲಿ ಇಟ್ಟುಕೊಂಡು, ಇದ್ದವರು ತಿರುಗಿ ಬಂದಾರು ಎಂದು ಕಾಯುವ ರೀತಿ.

ಬಾಗಲಕೋಟೆಯವರಿಗೆ ಇದು ಬಿಡಿಸಿ ಹೇಳಬೇಕಾದ ಸಂಗತಿಯಲ್ಲ. ಪತ್ರಿಕೆಗಳು ‘ಮುಳುಗಡೆ ನಗರಿ’ ಎಂದು ಕರೆಯುವ ಊರು ಇದು. ಇಲ್ಲಿಯ ಚಹಾದಂಗಡಿಯಲ್ಲಿ ಮಗ್ಗಿ ಬಾರದವನೂ 519.60 ಎಂಬ ಅಂಕಿಯನ್ನು ದಶಮಾಂಶದ ಸಮೇತ ಹೇಳುತ್ತಾನೆ. ಅದು ಆಲಮಟ್ಟಿಯಲ್ಲಿ ನೀರು ನಿಲ್ಲುವ ಮಟ್ಟ, ಮೀಟರಿನಲ್ಲಿ. ಇನ್ನೊಂದು ಅಂಕಿ 524.256, ಅದು ಏರಿಸಬೇಕೆಂದಿರುವ ಮಟ್ಟ, ಅದನ್ನು ಹೇಳುವಾಗ ದನಿ ಬೇರೆ. ಕೃಷ್ಣೆ ಅಲ್ಲಿ ನಿಂತರೆ ಘಟಪ್ರಭೆ ಇಲ್ಲಿ ಹಿಂದೆ ಸರಿದು ಊರೊಳಗೆ ಬರುತ್ತಾಳೆ. ಹಾಗಾಗಿ ಊರಿನ ಒಂದು ದೊಡ್ಡ ಪಾಲು ಎದ್ದು ಬಂದು ನವನಗರದಲ್ಲಿ ಕೂತಿತು. ಹಳೇ ಊರಿನಲ್ಲಿ ವಿಳಾಸವೆಂದರೆ ಕಿಲ್ಲಾ, ಹಳಪೇಟ, ಹೊಸಪೇಟ, ವೆಂಕಟಪೇಟ, ಜೈನಪೇಟ. ‘ಕಿಲ್ಲಾದಾಗ ಬಾವಿ ಮಗ್ಗಲಿನ ದೊಡ್ಡ ಬಾಗಿಲಿನ ಮನಿ’ ಎಂದರೆ ಪೋಸ್ಟಿನವನು ಕಣ್ಣು ಮುಚ್ಚಿ ಮುಟ್ಟಿಸುತ್ತಿದ್ದ. ನವನಗರದಲ್ಲಿ ಸೆಕ್ಟರ್ ನಂಬರ್ ಇಷ್ಟು, ಪ್ಲಾಟ್ ನಂಬರ್ ಇಷ್ಟು. ಅಗಲ ರಸ್ತೆ, ಗೀಟು ಹೊಡೆದ ಹಾಗೆ ಸಾಲು, ಹೆಸರಿಲ್ಲ. ಮೊದಮೊದಲು ಬೀಗರು ಬಂದರೆ ಸೆಕ್ಟರಿನ ನಡುವೆ ಗಾಡಿ ನಿಲ್ಲಿಸಿ ಫೋನು ಮಾಡುವುದು, ಈ ಕಡೆಯವರು ಚಪ್ಪಲಿ ಮೆಟ್ಟಿಕೊಂಡು ಮೂಲೆಯವರೆಗೆ ಓಡುವುದು. ಮನೆ ಇದೆ, ಮಂದಿ ಇದ್ದಾರೆ, ಒಲೆಯ ಮೇಲೆ ಹೂರಣ ಬೇಯುತ್ತಿದೆ, ಬಂದವರಿಗೆ ಕಾಣುತ್ತಿಲ್ಲ. ಈಗಲೂ ‘ಯಾವ ಓಣಿಯವರು ನೀವು?’ ಎಂದರೆ ಸೆಕ್ಟರ್ ನಂಬರ್ ಹೇಳುವುದಿಲ್ಲ, ‘ನಾವು ಕಿಲ್ಲಾದವರು’ ಅನ್ನುತ್ತಾರೆ. ಹೋಳಿ ಬಂತೆಂದರೆ ಹಲಗಿ ಬಾರಿಸುವುದೂ ಬಣ್ಣದ ಬಂಡಿ ಹೂಡುವುದೂ ಇಂದಿಗೂ ಆ ಹಳೇ ಪೇಟೆಗಳ ಹೆಸರಿನಲ್ಲೇ. ಎ, ಬಿ ಹಾಗೇ ಇವೆ, ಬಳಸುವವರು ಸಿಯಿಂದ ಆಚೆ ಇದ್ದಾರೆ.

ಇನ್ನೂ ಒಂದು ಮಾತು ಇದೆ, ಅದು ಉತಾರದ್ದು, ಅಂದರೆ ಜಾಗ ಯಾರದೆಂದು ಹೇಳುವ ಕಾಗದದ್ದು. ಡ್ರೈವಿನ ಅಕ್ಷರ ಡ್ರೈವಿನಲ್ಲಿ ಬರೆದಿರುತ್ತದೆ ಎಂದು ಎಲ್ಲರೂ ತಿಳಿದಿದ್ದಾರೆ. ಇಲ್ಲ. ಅದು ವಿಂಡೋಸ್ ತನ್ನ ಲೆಕ್ಕಪತ್ರ ಬರೆದಿಡುವ ಲ್ಯಾಪ್‌ಟಾಪಿನ ರಿಜಿಸ್ಟ್ರಿಯಲ್ಲಿ, ‘ಮೌಂಟೆಡ್‌ಡಿವೈಸಸ್’ ಎಂಬ ವಹಿಯಲ್ಲಿ ಇರುತ್ತದೆ. ಹಳೇ ಲ್ಯಾಪ್‌ಟಾಪಿನಲ್ಲಿ ಹತ್ತು ವರ್ಷ ಎಚ್ ಆಗಿ ಮೆರೆದ ಡ್ರೈವು ಹೊಸದರ ಮುಂದೆ ಉತಾರವಿಲ್ಲದ ಪ್ಲಾಟು. ಸಾಮಾನ್ಯವಾಗಿ ಹೊಸ ಲ್ಯಾಪ್‌ಟಾಪು ಖಾಲಿ ಇರುವ ಯಾವುದೋ ಅಕ್ಷರವನ್ನು ತಾನೇ ಕೊಟ್ಟುಬಿಡುತ್ತದೆ. ಕೊಡದೆ ಹೋಗುವುದು, ಯಾವುದೋ ಬ್ಯಾಕಪ್ ಅಥವಾ ಪಾರ್ಟಿಷನ್ ಸಾಫ್ಟ್‌ವೇರು ‘ಇದಕ್ಕೆ ಅಕ್ಷರ ಬೇಡ’ ಎಂದು ಗುರುತು ಹಾಕಿ ಹೋಗಿದ್ದಾಗ, ತಾನಾಗಿ ಅಕ್ಷರ ಕೊಡುವ ಏರ್ಪಾಟನ್ನೇ ಯಾರೋ ಬಂದ್ ಮಾಡಿಟ್ಟಾಗ, ಇಲ್ಲವೇ ಕಚೇರಿಯ ನೆಟ್‌ವರ್ಕ್ ಡ್ರೈವು ಅದೇ ಅಕ್ಷರದ ಮೇಲೆ ಹಾಸಿಗೆ ಹಾಸಿ ಮಲಗಿದಾಗ. ಅದಕ್ಕೆ ಅಕ್ಷರಮಾಲೆಯ ಕೊನೆಗೆ ಹೋಗಿ ಆರ್ ಅಥವಾ ಎಸ್ ಕೊಡುವುದು ಕ್ಷೇಮ. ಅಲ್ಲಿ ಜನಸಂದಣಿ ಕಡಿಮೆ.

ಈಗ ಆ ದೊಡ್ಡ ಮಾತು ಬಾಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಪರದೆಯ ಮೇಲೆ ಪೆಟ್ಟಿಗೆಯೊಂದು ಎದ್ದಿದೆ: ಈ ಡಿಸ್ಕ್ ಬಳಸಬೇಕಾದರೆ ಫಾರ್ಮ್ಯಾಟ್ ಮಾಡಬೇಕು, ಮಾಡಲೇ?

ಇಂಥ ಪ್ರಶ್ನೆ ಬರೆದವನು ಯಾರೋ. ‘ನಿಮ್ಮ ಮನೆಯ ಬೀಗ ತೆಗೆಯಲು ಬರುತ್ತಿಲ್ಲ, ಮನೆ ಕೆಡವಲೇ?’ ಎಂದು ಕೇಳಿದ ಹಾಗಿದೆ, ಅದೂ ‘ಹೂಂ’ ಅನ್ನುವ ಬಟನ್ನು ಮೊದಲು ಇಟ್ಟು. ‘ನನಗೆ ಓದಲು ಬರುತ್ತಿಲ್ಲ’ ಎಂದು ಬರೆದಿದ್ದರೆ ಅವನ ಗಂಟೇನು ಹೋಗುತ್ತಿತ್ತು? ಕ್ಯಾನ್ಸಲ್ ಒತ್ತಿ. ‘ಇನಿಷಿಯಲೈಸ್ ಡಿಸ್ಕ್’ ಎಂದು ಬೇರೆ ಪೆಟ್ಟಿಗೆ ಬಂದು ಡಿಸ್ಕನ್ನು ಹೊಸದಾಗಿ ಪಾಲು ಮಾಡುವ ಎರಡು ಪದ್ಧತಿಗಳಲ್ಲಿ ಎಂಬಿಆರ್ ಬೇಕೋ ಜಿಪಿಟಿ ಬೇಕೋ ಎಂದು ಮದುವೆ ಊಟದ ಪಂಕ್ತಿಯಲ್ಲಿ ಕೇಳಿದಂತೆ ಕೇಳಿದರೂ ಎರಡೂ ಬೇಡ. ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ‘ರಾ’ ಎಂದು ಕಾಣುತ್ತಿದ್ದರೆ ಒಳಗಿನ ಸೂಚಿ ಕೆಟ್ಟಿದೆ, ಫೋಟೋಗಳು ಹೋಗಿವೆ ಎಂದಲ್ಲ. ಹೇಳದೆ ಕೇಳದೆ ಕಿತ್ತುಕೊಂಡಾಗ ಹೆಚ್ಚಾಗಿ ಹೀಗಾಗುತ್ತದೆ. ಬೇರೆ ವಾಯರಿನಲ್ಲಿ, ಬೇರೆ ಲ್ಯಾಪ್‌ಟಾಪಿನಲ್ಲಿ ಒಮ್ಮೆ ನೋಡಿ. ಅಲ್ಲೂ ರಾ ಎಂದರೆ ಟೆಸ್ಟ್‌ಡಿಸ್ಕ್‌ನಂಥ ಪುಕ್ಕಟೆ ಸಾಫ್ಟ್‌ವೇರಿನಿಂದ ಫೈಲುಗಳನ್ನು ಇನ್ನೊಂದು ಡ್ರೈವಿಗೆ ತೆಗೆಯಬಹುದು. ಇನ್ನೊಂದು ಡ್ರೈವಿಗೆ, ಅದೇ ಡ್ರೈವಿಗಲ್ಲ. ಕ್ವಿಕ್ ಫಾರ್ಮ್ಯಾಟ್ ಸೂಚಿಯನ್ನಷ್ಟೇ ಅಳಿಸುತ್ತದೆ, ಅದಕ್ಕೆ ಪರಿಹಾರ ಉಂಟು. ಆ ಡಿಪ್ಲೊಮಾದವನು ಕ್ವಿಕ್ ಎಂಬುದರ ಟಿಕ್ ತೆಗೆದು ಹೊಡೆದಿದ್ದರೆ ಉದ್ದಕ್ಕೂ ಸೊನ್ನೆ ಬರೆದು ಬಂದಿರುತ್ತದೆ. ಪೂರ್ತಿ ಆಲಮಟ್ಟಿ.

ಮಿಕ್ಕ ಕಾರಣಗಳನ್ನು ಬೇಗ ಹೇಳಬಹುದು. ಮ್ಯಾಕ್‌ನಲ್ಲಿ ಸಿದ್ಧವಾದ ಡ್ರೈವನ್ನು ವಿಂಡೋಸ್ ತಾನಾಗಿ ಓದದು, ಲಿನಕ್ಸಿನ ಎಕ್ಸ್‌ಟಿ4 ಪದ್ಧತಿಯಲ್ಲಿ ಸಿದ್ಧವಾದದ್ದನ್ನು ಕೂಡ. ಆಗಲೂ ಅದೇ ಫಾರ್ಮ್ಯಾಟ್ ಪೆಟ್ಟಿಗೆಯೇ ಬರಬಹುದು, ಡ್ರೈವು ಮಾತ್ರ ಗುಂಡಕಲ್ಲಿನ ಹಾಗೆ ಗಟ್ಟಿ ಇರುತ್ತದೆ. ವಿಂಡೋಸಿನದೇ ಬಿಟ್‌ಲಾಕರ್ ಬೀಗ ಇದ್ದು ಪಾಸ್‌ವರ್ಡ್ ಮರೆತಿದ್ದರೆ 48 ಅಂಕಿಯ ಕೀಲಿ ಬೇಕು, ಅದನ್ನು ಬರೆದಿಟ್ಟ ಚೀಟಿ ಎಲ್ಲಿದೆ ಎಂಬುದು ಬೇರೆಯೇ ಪ್ರಬಂಧ. ಕಚೇರಿ ಕೊಟ್ಟ ಲ್ಯಾಪ್‌ಟಾಪಾದರೆ ಹೊರಗಿನ ಡ್ರೈವು ಬರಬಾರದೆಂದು ಅವರೇ ಬಂದೋಬಸ್ತು ಮಾಡಿರುತ್ತಾರೆ, ಮನೆಯಲ್ಲಿ ಎಷ್ಟು ಊದಿದರೂ ಅಷ್ಟೇ. ಡ್ರೈವಿನ ಪ್ಲಾಸ್ಟಿಕ್ ಕವಚ ಬಿಚ್ಚಿ ಒಳಗಿನದನ್ನು ನೇರ ಹಚ್ಚುತ್ತೇನೆ ಎಂಬ ಹುಮ್ಮಸ್ಸು ಕೆಲವರಿಗೆ. ಈಗಿನ ಎಷ್ಟೋ ಡ್ರೈವುಗಳಲ್ಲಿ ಯುಎಸ್‌ಬಿ ತೂತು ಬೋರ್ಡಿಗೇ ಬೆಸೆದಿರುತ್ತದೆ, ಇನ್ನು ಕೆಲವದರಲ್ಲಿ ಗುಪ್ತಲಿಪಿ ಆ ಕವಚದೊಳಗಿನ ಚಿಕ್ಕ ಬೋರ್ಡಿನಲ್ಲೇ ಇರುತ್ತದೆ. ಸ್ಕ್ರೂಡ್ರೈವರ್ ಕೆಳಗಿಡಿ.

ಆರ್ ಎಂದು ಅಕ್ಷರ ಕೊಟ್ಟಿರಿ, ಡ್ರೈವು ಬಂತು, ಮನೆಮಂದಿ ಹೋ ಎಂದರು. ವಿಂಡೋಸಿನ ರಿಪೇರಿ ಸಾಧನ ಚೆಕ್‌ಡಿಸ್ಕ್ ಓಡಿಸಲು ಹೋಗಬೇಡಿ. ಮೊದಲು ನಕಲು, ಆಮೇಲೆ ರಿಪೇರಿ. ಡ್ರೈವಿನ ಆರೋಗ್ಯ ನೋಡುವ ಕ್ರಿಸ್ಟಲ್‌ಡಿಸ್ಕ್‌ಇನ್ಫೊದಲ್ಲಿ ಕೆಟ್ಟ ಜಾಗಗಳ ಲೆಕ್ಕ ಇಡುವ 05 ಮತ್ತು ಸಿ5 ಎಂಬ ಸಾಲುಗಳ ಎದುರು ಸೊನ್ನೆ ಬಿಟ್ಟು ಬೇರೇನಾದರೂ ಇದ್ದರೆ ಇವತ್ತೇ ನಕಲು. ಒಳಗೆ ‘ನ್ಯೂ ಫೋಲ್ಡರ್’, ‘ನ್ಯೂ ಫೋಲ್ಡರ್ 2’ರಿಂದ ‘ನ್ಯೂ ಫೋಲ್ಡರ್ 14’ರವರೆಗೆ ಸಾಲಾಗಿ ನಿಂತಿವೆ, ಥೇಟ್ ಸೆಕ್ಟರುಗಳ ಹಾಗೆ. ‘ಕಿಲ್ಲಾದ ಮನಿ ಫೋಟೋ ಯಾವುದರಾಗ ಅದಾವು?’ ಎಂದು ಒಳಗಿನಿಂದ ಅಜ್ಜಿ ಕೇಳುತ್ತಾರೆ.

ಒಂದೊಂದಾಗಿ ತೆರೆದು ನೋಡಿ ತಾಸು ಕಳೆದ ಮೇಲೆ ‘ಸೇಫ್ಲಿ ರಿಮೂವ್’ ಒತ್ತಿದರೆ, ಡಿವೈಸ್ ಬಳಕೆಯಲ್ಲಿದೆ, ತೆಗೆಯಲು ಬರುವುದಿಲ್ಲ ಅನ್ನುತ್ತದೆ. ಸಂಜೆಯಿಂದ ‘ಯಾರಪಾ ನೀ’ ಅನ್ನುತ್ತಿದ್ದದ್ದು ಇದೇ ಲ್ಯಾಪ್‌ಟಾಪು. ತೆರೆದ ಕಿಟಕಿಗಳನ್ನೆಲ್ಲ ಮುಚ್ಚಿ, ಆಗಲೂ ಬಿಡದಿದ್ದರೆ ಶಟ್‌ಡೌನ್ ಮಾಡಿ, ಲೈಟು ಆರಿ ತಟ್ಟೆ ನಿಂತದ್ದು ಅಂಗೈಗೆ ಗೊತ್ತಾದ ಮೇಲೆ ವಾಯರ್ ತೆಗೆಯಿರಿ. ಕರದಂಟಿನ ಡಬ್ಬಿಗೆ ಹಾಕುವಾಗ ಆ ಅಗಲ ತುದಿಯ ವಾಯರನ್ನೂ ಜೊತೆಗೇ ಹಾಕಿ.