ಹೆಗಲು ಕೊಟ್ಟರೆ ತೆರೆಯುವ ಬಾಗಿಲು

ಪುನರ್ವಸು ಮಳೆ ಹಿಡಿದು ಇವತ್ತಿಗೆ ಐದು ದಿನ. ಬೆಳಿಗ್ಗೆ ಹಾಲು ತರಲು ಹೋದವನು ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಕ್ಯಾನು ಹಿಡಿದು, ನಮ್ಮದೇ ಮನೆಯ ಮುಂಬಾಗಿಲಿಗೆ ಹೆಗಲು ಕೊಟ್ಟು ನಿಂತಿದ್ದೆ. ಒಂದು ಸಲ ದೂಡಿದೆ. ಎರಡು ಸಲ ದೂಡಿದೆ. ಮೂರನೇ ಸಲಕ್ಕೆ ದಡಾರನೆ ತೆರೆಯಿತು. ನಾನು ಒಳಗೆ ಬಿದ್ದೆ. ಹಾಲು ನನಗಿಂತ ಮೊದಲೇ ಬಿದ್ದಿತ್ತು.

ಬಾಗಿಲು ಹಳೇದೇನಲ್ಲ, ಏಪ್ರಿಲ್‌ನಲ್ಲಿ ಹಾಕಿಸಿದ್ದು. ಸಾಗುವಾನಿ ಬಾಗಿಲು, ಹಲಸಿನ ದಾರಂದ. "ಸುತ್ತ ಒಂದು ನಾಣ್ಯ ತೂರುವಷ್ಟು ಸಂದಿ ಬಿಡ್ತೀನಿ ಮೇಷ್ಟ್ರೇ, ಮಳೆಗಾಲಕ್ಕೆ ಬೇಕು" ಅಂದಿದ್ದ ಆಚಾರಿ. "ನಾಣ್ಯ ತೂರಿದ್ರೆ ಹಾವಿನ ಮರೀನೂ ತೂರುತ್ತೆ, ಬಿಗಿಯಾಗೇ ಮಾಡು" ಅಂದವನು ನಾನೇ. ಮರ ಉದ್ದಕ್ಕೆ ಅಷ್ಟಾಗಿ ಹಿಗ್ಗುವುದಿಲ್ಲ, ಅಗಲಕ್ಕೆ ಹಿಗ್ಗುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ದಾಟುತ್ತದೆ ಮಳೆ. ನಮ್ಮೂರಲ್ಲಿ ಅಷ್ಟಿಲ್ಲ. ಬಾಗಿಲಿಗೆ ಇಷ್ಟು ಸಾಕು.

ಬಿಗಿಯಾಗಲಿ ಅಂತ ನಾನು ಹಟ ಹಿಡಿದಿದ್ದಕ್ಕೆ ಕಾರಣ ಆ ನಾಲ್ಕು ರಾತ್ರಿಗಳು. ಹಳೇ ದಾರಂದದ ಬುಡವನ್ನು ಒರಲೆ ತಿಂದಿತ್ತು. ಅದನ್ನು ಕಿತ್ತು ಹೊಸದು ನಿಲ್ಲಿಸಿ, ರಸಮಟ್ಟ ಇಟ್ಟು, ತೂಗುಗುಂಡು ಬಿಟ್ಟು ನೋಡಿದ್ದಾಯಿತು. ಹೊಸಿಲಿಗೆ ಅರಿಶಿನ ಕುಂಕುಮವೂ ಆಯಿತು. ಪಾಯಸ ಉಂಡ ಆಚಾರಿ "ಸಿಮೆಂಟು ಒಣಗ್ಲಿ, ನಾಳೆ ಬಾಗಿಲು ಕೂರಿಸ್ತೀನಿ" ಅಂತ ಹೊರಟ. ಅವನ ನಾಳೆ ಬಂದಿದ್ದು ಐದನೇ ದಿನ. ಭಾವನ ಮಗಳ ಮದುವೆಯಂತೆ.

ಮೊದಲ ರಾತ್ರಿ ಟಾರ್ಚು ಹಿಡಿದು ಜಗಲಿಯಲ್ಲಿ ಕೂತೆ. ಒಂಬತ್ತಕ್ಕೆ ಪಕ್ಕದ ಮನೆ ಚಿಕ್ಕಪ್ಪ ಎಲೆಅಡಿಕೆ ತಟ್ಟೆ ಹಿಡಿದು ಬಂದರು. "ಬಾಗಿಲಿಲ್ಲದ ಮನೆ, ಒಬ್ಬನೇ ಹ್ಯಾಗೆ ಕಾಯ್ತೀಯ?" ತಮ್ಮ ಅಜ್ಜನ ಕಾಲದಲ್ಲಿ ಕಳ್ಳ ಬಂದ ಕಥೆ ಶುರು ಮಾಡಿದರು. ಕಳ್ಳ ಇನ್ನೂ ತೋಟದ ಬೇಲಿ ದಾಟಿರಲಿಲ್ಲ, ಚಿಕ್ಕಪ್ಪ ಗೊರಕೆ ಹೊಡೆಯುತ್ತಿದ್ದರು. ಆಗ ಬಂತು ನಮ್ಮ ನಾಯಿ. ಎಂಟು ವರ್ಷದಿಂದ ಹೊಸಿಲು ದಾಟದ ನಾಯಿ ಅದು. ಹೊಸಿಲ ಮುಂದೆ ನಿಂತು ಬಾಗಿಲಿರಬೇಕಾದ ಜಾಗವನ್ನು ಮೂಸಿತು. ನನ್ನ ಮುಖ ನೋಡಿತು. ಒಂದು ಕಾಲು ಒಳಗಿಟ್ಟಿತು. ಮತ್ತೆ ನನ್ನ ಮುಖ ನೋಡಿತು. ಆಮೇಲೆ ಸೀದಾ ಹೋಗಿ ಸೋಫಾ ಮೇಲೆ ಮಲಗಿತು. ಎರಡನೇ ರಾತ್ರಿ ಕರು ಬಂದು ದಾರಂದದ ಮಾವಿನ ತೋರಣ ತಿಂದಿತು.

ಹಗಲು ಬರುವವರು ಇನ್ನೂ ಜಾಸ್ತಿ. ರಸ್ತೆಯಲ್ಲಿ ಹೋಗುವವರೆಲ್ಲ "ತೆರೆದೇ ಇತ್ತಲ್ಲ, ಬಂದೆ" ಅಂತ ಬಂದು ಕೂತರು. ಒಬ್ಬರು ಫೈಬರ್ ಬಾಗಿಲು ಅಂದರು, ಒಬ್ಬರು ಸ್ಟೀಲು ಅಂದರು, ಇನ್ನೊಬ್ಬರು ಗೇರೆಣ್ಣೆ ಹಚ್ಚು ಅಂದರು. ಒಂದೇ ದಿನ ಹನ್ನೊಂದು ಲೋಟ ಕಾಫಿ. ಸುಮ್ನೆ ಹೇಳ್ತೀನಿ ಅಂತಲ್ಲ, ಕಾಫಿ ಕುಡಿದು ಸಲಹೆ ಕೊಡುವವರನ್ನು ಕಂಡರೆ ನನಗೆ ಮೊದಲಿಂದಲೂ ಆಗುವುದಿಲ್ಲ. ಬಾಗಿಲು ಎತ್ತಿ ಕೂರಿಸುವ ದಿನ ಕೈ ಹಾಕಲು ಇವರಲ್ಲಿ ಒಬ್ಬರಾದರೂ ಬರಬೇಕಿತ್ತಲ್ವಾ?

ಮನೆಗೆ ಬಾಗಿಲು ಅಂತ ಒಂದು ಯಾಕಿರಬೇಕು ಅನ್ನುವುದರ ಬಗ್ಗೆ ಆ ರಾತ್ರಿಗಳಲ್ಲಿ ನನಗೆ ಏನೋ ದೊಡ್ಡದೇ ಹೊಳೆದಿತ್ತು. ಬರೆದಿಟ್ಟುಕೊಳ್ಳಬೇಕು ಅಂದುಕೊಂಡಿದ್ದೆ. ಚಿಕ್ಕಪ್ಪನ ಗೊರಕೆಯಲ್ಲಿ ಮರೆತುಹೋಯಿತು.

ನೆಲ ಒರೆಸಿದ ಮೇಲೆ ಆಚಾರಿಗೆ ಫೋನ್ ಮಾಡಿದೆ. "ಈಗ ಹತ್ತರಿ ಹೊಡೆದ್ರೆ ಬೇಸಿಗೇಲಿ ಸಂದಿ ಬೀಳುತ್ತೆ ಮೇಷ್ಟ್ರೇ. ಆಮೇಲೆ ಹಾವಿನ ಮರಿ ಬಂದ್ರೆ ನನ್ನ ಬೈಬಾರ್ದು. ದೀಪಾವಳಿ ಕಳೀಲಿ" ಅಂದ.

ಅಲ್ಲಿವರೆಗೆ ಎಲ್ಲರಿಗೂ ಹಿತ್ತಿಲ ಬಾಗಿಲೇ. ಅದಕ್ಕೆ ಸುತ್ತಲೂ ಬೆರಳು ತೂರುವಷ್ಟು ಸಂದಿ, ಎಂಥ ಮಳೆಯಲ್ಲೂ ಸಲೀಸು. ನಾಯಿ ಮಾತ್ರ ಮುಂಬಾಗಿಲ ಎದುರೇ ಕೂತಿರುತ್ತದೆ. ಒಳಗೆ ಸೋಫಾ ಇದೆ ಅಂತ ಅದಕ್ಕೀಗ ಗೊತ್ತು.