ಸತ್ಯಾಂಶ: ಶರಣರು ದೇವರನ್ನು ಬಿಟ್ಟವರಲ್ಲ

12ನೇ ಶತಮಾನದ ಕಲ್ಯಾಣದ ಶರಣರು (ಬಸವಣ್ಣ ಮೊದಲಾದ ವಚನಕಾರರು) ದೇವರನ್ನೇ ನಂಬದ ಸುಧಾರಕರು, ಅವರ ಸಮಾನತೆಗೂ ಭಕ್ತಿಗೂ ಸಂಬಂಧವಿಲ್ಲ ಎನ್ನುವ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಆಗಾಗ ಸುತ್ತು ಹೊಡೆಯುತ್ತದೆ. ಇದು ಸರಿಯಲ್ಲ.

ಶರಣರು ಟೀಕಿಸಿದ್ದು ಜಾತಿಯ ಮೇಲು-ಕೀಳನ್ನು, ಹಲವು ದೈವಗಳ ಪೂಜೆಯನ್ನು, ಭಕ್ತಿಯ ಆಡಂಬರವನ್ನು, ಶಿವನನ್ನಲ್ಲ. ಅಂಗೈಯಲ್ಲಿಟ್ಟು ಪೂಜಿಸುವ ಇಷ್ಟಲಿಂಗಕ್ಕೆ ಗುಡಿಯೂ ಬೇಡ, ಪೂಜಾರಿಯೂ ಬೇಡ. ಚಮ್ಮಾರನೂ ಹೆಂಗಸೂ ಅದನ್ನು ಧರಿಸಬಹುದಿತ್ತು. ಲಿಂಗ ಧರಿಸಿದವರ ಕುಲ ಕೇಳಬಾರದೆಂಬ ನಿಲುವು ಹುಟ್ಟಿದ್ದೇ ಈ ನಂಬಿಕೆಯಿಂದ.

ಹಂಚಿದವರನ್ನು ದೂರುವಂತಿಲ್ಲ. ಬಸವಣ್ಣನ ‘ಉಳ್ಳವರು ಶಿವಾಲಯವ ಮಾಡುವರು’ ವಚನದ ಮೊದಲೆರಡು ಸಾಲುಗಳಷ್ಟೇ ವಾಟ್ಸ್‌ಆ್ಯಪ್ ಚಿತ್ರದಲ್ಲಿ ಬಂದರೆ ಯಾರಿಗಾದರೂ ಹಾಗೆಯೇ ಅನ್ನಿಸೀತು. ಪೂರ್ತಿ ಓದಿದರೆ, ಅದು ದೇಹವನ್ನೇ ದೇಗುಲವೆಂದು ಕರೆದು, ಕೊನೆಗೆ ಕೂಡಲಸಂಗಮದೇವನನ್ನೇ, ಅಂದರೆ ಶಿವನನ್ನೇ, ಉದ್ದೇಶಿಸಿ ಮಾತನಾಡುತ್ತದೆ.

ಆದ್ದರಿಂದ ವಚನವನ್ನು ಅಂಕಿತದವರೆಗೆ, ಅಂದರೆ ಕೊನೆಯಲ್ಲಿ ವಚನಕಾರರ ಗುರುತಾಗಿ ಬರುವ, ಸಾಮಾನ್ಯವಾಗಿ ಇಷ್ಟದೈವದ ಹೆಸರಿನವರೆಗೆ ಓದಿ. ಅಂಕಿತವೇ ಕಾಣದಿದ್ದರೆ ಕತ್ತರಿ ಬಿದ್ದಿರಬಹುದು, ಇಲ್ಲವೇ ಯಾರೋ ಹೊಸದಾಗಿ ಬರೆದಿರಬಹುದು. (ತಮ್ಮ ಹೆಸರನ್ನೇ ಅಂಕಿತವಾಗಿಸಿಕೊಂಡವರೂ ಇದ್ದಾರೆನ್ನಿ.) ರಾಜ್ಯ ಸರ್ಕಾರ ಪ್ರಕಟಿಸಿದ 15 ವಚನ ಸಂಪುಟಗಳು ದೊಡ್ಡ ಗ್ರಂಥಾಲಯಗಳಲ್ಲಿ ಸಿಗುತ್ತವೆ, ಅಕಾರಾದಿ ಪಟ್ಟಿಯಲ್ಲಿ ಮೊದಲ ಸಾಲನ್ನು ಹುಡುಕಿ, ಮೊಬೈಲ್‌ಗೆ ಬಂದ ವಚನದೊಂದಿಗೆ ಸಾಲು ಸಾಲಾಗಿ ಹೋಲಿಸಿ ನೋಡಬಹುದು.